ಕಡಲಿಗೆ ಹಾಕಿದ ಮದ್ದು

ಭೂಗರ್ಭದಿಂದ ತೆಗೆದ ಕಚ್ಚಾ ತೈಲವು ಆಧುನಿಕ ನಾಗರಿಕತೆಯ ಜೀವನಾಡಿಯಂತಿದೆ. ಅದು ಹೇರಳವಾಗಿ ದೊರೆಯುವ ದೇಶಗಳು ಕೆಲವು; ಬಳಸುವ ದೇಶಗಳು ಹಲವು. ಆದ್ದರಿಂದ ಬೃಹತ್ ನೌಕೆಗಳು ತೈಲವನ್ನು ಹೊತ್ತು ಸಮುದ್ರಗಳನ್ನು ದಾಟಬೇಕಾಗುತ್ತದೆ. ಇಂಥ ನೌಕೆಯೊಂದು ಒಡೆದರೆ ಅನಾಹುತ ತಪ್ಪಿದ್ದಲ್ಲ. ಆದರೆ ಅನಾಹುತವನ್ನು ನಿವಾರಿಸಲು ಆತುರದಿಂದ ಕೈಗೊಂಡ ಕ್ರಮವೇ ಮತ್ತೊಂದು ಅನಾಹುತವಾಗಬಹುದು ಎಂಬುದನ್ನು 1967ರಲ್ಲಿ ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್ ತೀರವು ಜಗತ್ತಿಗೆ ತೋರಿಸಿಕೊಟ್ಟಿತು.

ಆ ವರ್ಷದ ಮಾರ್ಚ್ 18ರಂದು ‘ಟಾರಿ ಕ್ಯಾನ್ಯನ್’ ಎಂಬ ನೌಕೆಯು ಕುವೈತಿನ ಸುಮಾರು 1,19,000 ಟನ್ ಕಚ್ಚಾ ತೈಲವನ್ನು ಹೊತ್ತು ವೇಲ್ಸಿನ ಮಿಲ್‌ಫರ್ಡ್ ಹೇವನ್ ಬಂದರಿನತ್ತ ಸಾಗುತ್ತಿತ್ತು. ಕಾರ್ನ್‌ವಾಲಿಗೂ ಸಿಲಿ ದ್ವೀಪಗಳಿಗೂ ನಡುವೆ ‘ಸೆವೆನ್ ಸ್ಟೋನ್ಸ್’ ಎಂಬ ಬಂಡೆಗಳ ಸಾಲೊಂದಿದೆ. ಬೇಗನೆ ಬಂದರು ಸೇರುವ ಅವಸರದಲ್ಲಿ ಹತ್ತಿರದ ದಾರಿ ಹಿಡಿದ ನೌಕೆಯು ಆ ಬಂಡೆಗಳಿಗೆ ಅಪ್ಪಳಿಸಿತು. ಒಡಲು ಸೀಳಿ ತೈಲವು ಕಡಲಿಗೆ ಹರಿಯಿತು. ಹಡಗನ್ನು ಬಂಡೆಗಳಿಂದ ಬಿಡಿಸುವ ಯತ್ನಗಳು ವಿಫಲವಾದವು. ಉಳಿದ ತೈಲವನ್ನು ಸುಟ್ಟುಬಿಡುವ ಉದ್ದೇಶದಿಂದ ಮಾರ್ಚ್ 28ರಿಂದ ವಿಮಾನಗಳು ಅದರ ಮೇಲೆ ಬಾಂಬುಗಳನ್ನು ಸುರಿಸಿದವು. ಅಷ್ಟರಲ್ಲಿ ಕಪ್ಪು ತೈಲವು ಕಾರ್ನ್‌ವಾಲಿನ ದಡಗಳನ್ನು ಮುಟ್ಟಿತ್ತು. ಮುಂದೆ ಅದು ಫ್ರಾನ್ಸಿನ ತೀರವನ್ನೂ ತಲುಪಿತು. ರೆಕ್ಕೆಗಳಿಗೆ ಎಣ್ಣೆ ಮೆತ್ತಿಕೊಂಡು ಸಾವಿರಾರು ಕಡಲ ಹಕ್ಕಿಗಳು ಸತ್ತವು.

ಕಾರ್ನ್‌ವಾಲಿನ ಅನೇಕರಿಗೆ ಪ್ರವಾಸಿಗಳೇ ಜೀವನಾಧಾರ. ಅವರು ಬರುವ ಕಾಲವೂ ಸಮೀಪಿಸಿತ್ತು. ಮರಳ ದಂಡೆಗಳನ್ನು ಬೇಗನೆ ಶುಚಿಗೊಳಿಸಲೇಬೇಕೆಂದು ಸರ್ಕಾರವು ಎಣ್ಣೆಯನ್ನು ಚದುರಿಸುವ ರಾಸಾಯನಿಕ ಮಾರ್ಜಕಗಳನ್ನು ತರಿಸಿತು. ನೌಕಾಪಡೆಯವರು, ಸೈನಿಕರು, ಸ್ಥಳೀಯ ಜನರು ಹಗಲಿರುಳು ಶ್ರಮಿಸಿ ಸುಮಾರು 10,000 ಟನ್ ಮಾರ್ಜಕವನ್ನು ಕಡಲಿಗೂ ದಂಡೆಗೂ ಸುರಿದರು.

ಈ ಮಾರ್ಜಕಗಳು ಕೆಲಸ ಮಾಡುವ ಬಗೆ ಸರಳವಾದುದು. ಎಣ್ಣೆ ಹತ್ತಿದ ಪಾತ್ರೆಯನ್ನು ಬರಿಯ ನೀರಿನಲ್ಲಿ ತೊಳೆದರೆ ಜಿಡ್ಡು ಹೋಗದು; ಸಾಬೂನು ಹಚ್ಚಿದರೆ ಹೋಗುತ್ತದೆ. ಸಾಬೂನಿನ ಅಣುವಿನ ಒಂದು ತುದಿ ನೀರಿಗೂ ಇನ್ನೊಂದು ತುದಿ ಎಣ್ಣೆಗೂ ಅಂಟಿಕೊಳ್ಳುವುದೇ ಇದಕ್ಕೆ ಕಾರಣ. ಹಾಗೆಯೇ ಚದುರಿಸುವ ರಾಸಾಯನಿಕವು ನೀರಿನ ಮೇಲೆ ಹರಡಿದ ಎಣ್ಣೆಯ ಪದರವನ್ನು ಒಡೆದು ಸೂಕ್ಷ್ಮ ಹನಿಗಳನ್ನಾಗಿ ಮಾಡುತ್ತದೆ. ಹನಿಗಳು ನೀರಿನೊಳಗೆ ಹಂಚಿಹೋಗುತ್ತವೆ. ಮೇಲ್ಮೈ ತಿಳಿಯಾಗಿ ಕಾಣುತ್ತದೆ. ಹನಿಗಳು ಚಿಕ್ಕವಾದಷ್ಟೂ ಎಣ್ಣೆಯನ್ನು ತಿನ್ನುವ ಬ್ಯಾಕ್ಟೀರಿಯಾಗಳಿಗೆ ಅನುಕೂಲವೆಂಬುದೂ ನಿಜ. ಆದರೆ ಪಾತ್ರೆ ತೊಳೆದ ನೀರು ಬಚ್ಚಲಿಗೆ ಹರಿದುಹೋಗುವಂತೆ ಕಡಲಿನ ಎಣ್ಣೆಯು ಎಲ್ಲಿಗೂ ಹೋಗುವುದಿಲ್ಲ. ಅದು ಮೇಲಿನಿಂದ ಕೆಳಗಿಳಿದು, ಮೀನಿನ ಮೊಟ್ಟೆ ಮರಿಗಳೂ ಕಣ್ಣಿಗೆ ಕಾಣದ ಜೀವಿಗಳೂ ವಾಸಿಸುವ ನೀರಿನಲ್ಲಿಯೇ ಬೆರೆತಿರುತ್ತದೆ. ಸಾಲದುದಕ್ಕೆ ಅಂದಿನ ಮಾರ್ಜಕಗಳ ದ್ರಾವಕಗಳು ಸ್ವತಃ ತೀವ್ರ ವಿಷಗಳಾಗಿದ್ದವು.

ಪ್ಲಿಮತ್ ನಗರದ ಕಡಲ ಜೀವಶಾಸ್ತ್ರ ಪ್ರಯೋಗಾಲಯದ ವಿಜ್ಞಾನಿಗಳು ದಂಡೆಗಳನ್ನು ಕೂಲಂಕಷವಾಗಿ ಪರೀಕ್ಷಿಸಿ, 1968ರಲ್ಲಿ ವರದಿಯನ್ನು ಪ್ರಕಟಿಸಿದರು. ಅವರ ಗಮನವನ್ನು ಸೆಳೆದ ಜೀವಿಗಳಲ್ಲಿ ಲಿಂಪೆಟ್ ಒಂದು. ಇದು ಬಂಡೆಗೆ ಬಿಗಿಯಾಗಿ ಅಂಟಿಕೊಂಡು, ಪಾಚಿಯನ್ನು ಮೇಯ್ದು ಬದುಕುವ ಚಿಪ್ಪಿನ ಪ್ರಾಣಿ. ತೈಲವು ದಡ ಸೇರುವ ಮೊದಲು ಹಲವು ದಿನ ಕಡಲಿನಲ್ಲಿ ತೇಲಿದ್ದರಿಂದ ಅದರ ವಿಷಕಾರಿ ಅಂಶಗಳಲ್ಲಿ ಬಹಳಷ್ಟು ಆವಿಯಾಗಿದ್ದವು. ಹಾಗಾಗಿ ಎಣ್ಣೆ ಮೆತ್ತಿದ ಬಂಡೆಗಳ ಮೇಲೂ ಅನೇಕ ಲಿಂಪೆಟ್‌ಗಳು ಬದುಕಿದ್ದವು. ಮಾರ್ಜಕವನ್ನು ಸುರಿದ ಬಂಡೆಗಳ ಮೇಲಾದರೋ ಅವು ಸತ್ತು ಉದುರಿದ್ದವು. ದಂಡೆಯ ಜೀವಿಗಳನ್ನು ಎಣ್ಣೆಗಿಂತ ಹೆಚ್ಚಾಗಿ ಕೊಂದುದು ಮಾರ್ಜಕವೇ ಎಂದು ಸ್ಪಷ್ಟವಾಯಿತು. ಇಲಿಯ ಕಾಟಕ್ಕೆ ಮನೆಗೇ ಬೆಂಕಿಯಿಟ್ಟಂತಾಗಿತ್ತು.

ಪರಿಣಾಮವು ಅಲ್ಲಿಗೇ ನಿಲ್ಲಲಿಲ್ಲ. ಮೇಯುವ ಪ್ರಾಣಿಗಳು ಅಳಿದುದರಿಂದ ಬಂಡೆಗಳ ಮೇಲೆ ಹಸಿರು ಪಾಚಿಯು ದಟ್ಟವಾಗಿ ಹಬ್ಬಿತು. ಅದರ ಬೆನ್ನಿಗೇ ಕಂದು ಬಣ್ಣದ ಕಡಲ ಸಸ್ಯಗಳು ಬೆಳೆದು ಬಂಡೆಗಳನ್ನು ಮುಚ್ಚಿದವು. ಅವುಗಳ ನೆರಳಿನಲ್ಲಿ ಎಳೆಯ ಲಿಂಪೆಟ್‌ಗಳು ಅಳತೆಮೀರಿ ಹೆಚ್ಚಿ, ಆ ಸಸ್ಯಗಳನ್ನು ಮೇಯ್ದು ಬರಿದುಮಾಡಿ, ಕಡೆಗೆ ಆಹಾರವಿಲ್ಲದೆ ಕ್ಷೀಣಿಸಿದವು. ಹೀಗೆ ಏರಿಳಿದು ಪ್ರಕೃತಿಯ ಸಮತೋಲನವು ಮರಳಲು 10ರಿಂದ 15 ವರ್ಷಗಳು ಹಿಡಿದವು. ಆದರೆ ಗಾಡ್ರೀವಿ ಎಂಬ ಸ್ಥಳದಲ್ಲಿ, ಅಲ್ಲಿ ವಾಸಿಸುವ ಸೀಲ್ ಪ್ರಾಣಿಗಳಿಗೆ ತೊಂದರೆಯಾಗಬಾರದೆಂದು ಮಾರ್ಜಕವನ್ನು ಬಳಸಿರಲಿಲ್ಲ. ಆ ದಂಡೆಯು ಎರಡು ಮೂರು ವರ್ಷಗಳಲ್ಲಿಯೇ ಮೊದಲಿನಂತಾಯಿತು.

ಈ ಪಾಠದಿಂದ ಎಚ್ಚೆತ್ತ ರಾಷ್ಟ್ರಗಳು ಕಡಿಮೆ ವಿಷದ ರಾಸಾಯನಿಕಗಳನ್ನು ರೂಪಿಸಿದವು. ಆದರೂ ಸಮಸ್ಯೆ ಪೂರ್ಣವಾಗಿ ಪರಿಹಾರವಾಗಲಿಲ್ಲ. 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯ ‘ಡೀಪ್‌ವಾಟರ್ ಹೊರೈಜನ್’ ಎಂಬ ತೈಲಸ್ಥಾವರವು ಸಿಡಿದು 11 ಮಂದಿ ಮಡಿದರು. 87 ದಿನಗಳ ಕಾಲ ತೈಲವು ಚಿಮ್ಮಿತು. ಅದನ್ನು ಚದುರಿಸಲು ಸುಮಾರು 70 ಲಕ್ಷ ಲೀಟರ್ ರಾಸಾಯನಿಕವನ್ನು ಬಳಸಲಾಯಿತು. ಅದರಲ್ಲಿ ದೊಡ್ಡ ಪಾಲನ್ನು ಸುಮಾರು 1,500 ಮೀಟರ್ ಆಳದಲ್ಲಿ, ಬಾವಿಯ ಬಾಯಿಗೇ ಹಾಯಿಸಲಾಯಿತು.

ಈ ಬಾರಿ ಮನುಷ್ಯರ ಆರೋಗ್ಯದ ಪ್ರಶ್ನೆಯೂ ಎದ್ದಿತು. ಬಳಸಿದ ದ್ರವಗಳಲ್ಲೊಂದರಲ್ಲಿ ಬ್ಯುಟಾಕ್ಸಿಎಥನಾಲ್ ಎಂಬ ದ್ರಾವಕವಿತ್ತು. ಅದು ಅಧಿಕ ಪ್ರಮಾಣದಲ್ಲಿ ದೇಹವನ್ನು ಸೇರಿದರೆ ರಕ್ತದ ಕೆಂಪು ಕಣಗಳಿಗೂ ಮೂತ್ರಪಿಂಡಗಳಿಗೂ ಹಾನಿಯಾಗಬಲ್ಲದು. ಅಮೆರಿಕದ ರಾಷ್ಟ್ರೀಯ ಪರಿಸರ ಆರೋಗ್ಯ ವಿಜ್ಞಾನ ಸಂಸ್ಥೆಯು ಸುಮಾರು 33,000 ಜನರನ್ನು ಒಳಗೊಂಡ ಅಧ್ಯಯನವನ್ನು 2011ರಲ್ಲಿ ಆರಂಭಿಸಿತು. ರಾಸಾಯನಿಕದ ಸಂಪರ್ಕಕ್ಕೆ ಬಂದ ಕೆಲಸಗಾರರಲ್ಲಿ ಕೆಮ್ಮು, ಉಬ್ಬಸ, ಎದೆ ಬಿಗಿತ, ಕಣ್ಣು ಮೂಗು ಗಂಟಲುಗಳ ಉರಿ ಹೆಚ್ಚಾಗಿ ಕಂಡುಬಂದವೆಂದು 2017ರಲ್ಲಿ ಪ್ರಕಟವಾದ ಫಲಿತಾಂಶವು ತಿಳಿಸಿತು.

ಹಾಗೆಂದು ಇಂಥ ರಾಸಾಯನಿಕಗಳನ್ನು ಎಂದೂ ಬಳಸಬಾರದೆಂದಲ್ಲ. ದಡದಿಂದ ದೂರವಿರುವ ಆಳವಾದ ನೀರಿನಲ್ಲಿ ಮಿತವಾಗಿ ಬಳಸಿದರೆ, ಹಕ್ಕಿಗಳ ತಾಣಗಳೂ ಕಾಂಡ್ಲಾ ಕಾಡುಗಳೂ ತೈಲದಿಂದ ಪಾರಾಗಬಹುದು. ಆದರೆ ಅಲ್ಲಿಯೂ ಒಂದನ್ನು ಉಳಿಸಲು ಇನ್ನೊಂದನ್ನು ಅಪಾಯಕ್ಕೆ ಒಡ್ಡಿದಂತಾಗುತ್ತದೆ. ತೇಲುವ ತಡೆಗಳಿಂದ ಎಣ್ಣೆಯನ್ನು ಸುತ್ತುವರಿದು ಮೊಗೆದು ತೆಗೆಯುವುದು ನಿಧಾನದ ಕೆಲಸವಾದರೂ, ಅದರಿಂದ ಎಣ್ಣೆಯು ನಿಜವಾಗಿ ಕಡಲನ್ನು ಬಿಟ್ಟು ಹೊರಬರುತ್ತದೆ. ಎಣ್ಣೆ ಚೆಲ್ಲದಂತೆ ಎಚ್ಚರ ವಹಿಸುವುದಂತೂ ಎಲ್ಲಕ್ಕಿಂತ ಮಿಗಿಲು. ಕಣ್ಣಿಗೆ ಕಾಣದಂತೆ ಮಾಡುವುದೇ ಬೇರೆ, ಇಲ್ಲದಂತೆ ಮಾಡುವುದೇ ಬೇರೆ. ಈ ಭೇದವನ್ನರಿತು ನಡೆಯುವುದೇ ವಿವೇಕ.