ಹೃದಯದ ಮಾತು: ಬೈಕಿನ ಸೈಲೆನ್ಸರ್ ಬದಲಿಸುವ ಮುನ್ನ ಇದನ್ನು ಓದಿ



ಈ ಸರಣಿಯಲ್ಲಿ ಉಪ್ಪು, ಸಕ್ಕರೆ, ನಿದ್ದೆ, ನಡಿಗೆ ಎಂದೆಲ್ಲ ಮಾತಾಡಿದ್ದೇವೆ. ಇವತ್ತಿನ ವಿಷಯ ನೋಡಿ ಕೆಲವರಿಗೆ ನಗು ಬರಬಹುದು. ಹೃದಯದ ಡಾಕ್ಟರಿಗೂ ಬೈಕಿನ ಸೈಲೆನ್ಸರಿಗೂ ಏನು ಸಂಬಂಧ? ಸಂಬಂಧ ಇದೆ. ಮೊದಲು ಒಂದು ಘಟನೆ ಹೇಳುತ್ತೇನೆ.

ಧಾರವಾಡ ಕಡೆಯ ಹಿರಿಯರೊಬ್ಬರು, ವಯಸ್ಸು 68. ಸ್ಟೆಂಟ್ ಹಾಕಿಸಿಕೊಂಡ ಮೇಲೆ ಪುಣೆಯಲ್ಲಿ ಮಗನ ಮನೆಯಲ್ಲಿದ್ದರು. ಮಾತ್ರೆ ತಪ್ಪಿಸುತ್ತಿರಲಿಲ್ಲ, ಉಪ್ಪಿನಕಾಯಿ ಬಿಟ್ಟಿದ್ದರು. ಆದರೂ ಬೆಳಗಿನ ಬಿಪಿ 150ರ ಕೆಳಗೆ ಇಳಿಯುತ್ತಿರಲಿಲ್ಲ. 24 ಗಂಟೆ ಬಿಪಿ ಅಳೆಯುವ ಯಂತ್ರ ಕಟ್ಟಿ ಕಳುಹಿಸಿದೆವು. ನಿದ್ದೆಯಲ್ಲಿ ಬಿಪಿ ಹಗಲಿಗಿಂತ ಶೇಕಡಾ 10ರಿಂದ 20ರಷ್ಟು ಇಳಿಯಬೇಕು. ಅವರದು ಇಳಿದೇ ಇರಲಿಲ್ಲ.

"ನಿದ್ದೆ ಹೇಗಿದೆ ಅಜ್ಜಾರ?" ಎಂದು ಕೇಳಿದೆ.

"ರಾತ್ರಿ ಒಂದಕ್ಕ ಮೊಮ್ಮಗ ಡ್ಯೂಟಿ ಮುಗಿಸಿ ಬರ್ತಾನ್ರೀ. ಆ ಗಾಡಿ ಸಪ್ಪಳಕ್ಕ ಎದಿ ಝಲ್ ಅಂತೈತಿ. ಆಮ್ಯಾಲೆ ನಿದ್ದಿ ಹತ್ತಂಗಿಲ್ಲ."

"ಅವನಿಗೆ ಹೇಳಲಿಲ್ಲವೇ?"

"ಭಾಳ ಆಸೆಪಟ್ಟು ತಗೊಂಡಾನ್ರೀ. ಹೆಂಗ ಹೇಳೂದು?"

ಆ ಮೊಮ್ಮಗ ಅವರ ಪಕ್ಕದಲ್ಲೇ ಕುಳಿತಿದ್ದ. ಮೊದಲ ಕೆಲಸ, ಕಂತಿನಲ್ಲಿ ಕೊಂಡ ಕ್ರೂಸರ್ ಬೈಕ್, ಎರಡೇ ತಿಂಗಳಲ್ಲಿ ಕಂಪನಿ ಸೈಲೆನ್ಸರ್ ತೆಗೆದು ಹೊರಗಿನದು ಹಾಕಿಸಿದ್ದ. ಅಜ್ಜನ ಕೋಣೆ ಪಾರ್ಕಿಂಗ್ ಮೇಲೆಯೇ ಇತ್ತು. ಹುಡುಗ ತಲೆ ತಗ್ಗಿಸಿದ. ಅವನನ್ನು ಬೈಯಲು ನನಗೂ ಮನಸ್ಸಾಗಲಿಲ್ಲ. ಅವನಿಗೆ ಹೇಳಿದ್ದನ್ನೇ ಇಲ್ಲಿ ನಿಮಗೂ ಹೇಳುತ್ತಿದ್ದೇನೆ.

*ಸೈಲೆನ್ಸರ್ ಮಾಡುವ ಕೆಲಸ*

ಎಂಜಿನ್ ಒಳಗೆ ಪೆಟ್ರೋಲ್ ಉರಿದಾಗಲೆಲ್ಲ ಬಿಸಿ ಅನಿಲ ಒತ್ತಡದಿಂದ ಹೊರಗೆ ನುಗ್ಗುತ್ತದೆ. ಸೈಲೆನ್ಸರ್ ಒಳಗಿನ ಕೋಣೆಗಳು, ತೂತುಗಳಿರುವ ಕೊಳವೆಗಳು ಆ ಹೊಡೆತವನ್ನು ಮೆತ್ತಗೆ ಮಾಡುತ್ತವೆ. ಇದರ ಜೊತೆಗೆ, ಮಾಡೆಲ್‌ಗೆ ತಕ್ಕಂತೆ ಪೈಪ್‌ನಲ್ಲೋ ಸೈಲೆನ್ಸರ್ ಒಳಗೋ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಭಾಗ ಇರುತ್ತದೆ. ಪ್ಲಾಟಿನಂ, ಪಲೇಡಿಯಂ, ರೋಡಿಯಂ ಲೋಹಗಳ ತೆಳು ಲೇಪ ಅದರಲ್ಲಿದೆ. ವಿಷಕಾರಿ ಕಾರ್ಬನ್ ಮೊನಾಕ್ಸೈಡನ್ನು ಅದು ಕಾರ್ಬನ್ ಡೈ ಆಕ್ಸೈಡ್ ಮಾಡುತ್ತದೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್ 6 ನಿಯಮವನ್ನು ಬೈಕ್‌ಗಳು ಪೂರೈಸುವುದರಲ್ಲಿ ಇದರ ಪಾಲು ದೊಡ್ಡದು. ಅಂದರೆ ಸೈಲೆನ್ಸರ್ ಬದಲಿಸುವಾಗ ನೀವು ಮುಟ್ಟುತ್ತಿರುವುದು ಶಬ್ದವನ್ನು ಮಾತ್ರವಲ್ಲ, ಹೊಗೆಯನ್ನೂ.

*ಡೆಸಿಬೆಲ್ ಲೆಕ್ಕ ಬೇರೆ*

ಡೆಸಿಬೆಲ್ ನಮ್ಮ ಸಾಮಾನ್ಯ ಲೆಕ್ಕದ ಹಾಗಲ್ಲ. 10 ಡೆಸಿಬೆಲ್ ಹೆಚ್ಚಾದರೆ ಶಬ್ದದ ಶಕ್ತಿ 10 ಪಟ್ಟು ಹೆಚ್ಚುತ್ತದೆ, ಕಿವಿಗೆ ಸುಮಾರು ಎರಡು ಪಟ್ಟು ಜೋರಾಗಿ ಕೇಳುತ್ತದೆ. ನಮ್ಮ ದೇಶದ 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಅಲ್ಲಿ ಹಗಲು 50, ರಾತ್ರಿ 40.

ಕಿವಿಯ ಲೆಕ್ಕ ಹೀಗೆ: 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆ ತಾಳಬಹುದು. ಪ್ರತಿ 3 ಡೆಸಿಬೆಲ್ ಏರಿದಂತೆ ಈ ಅವಧಿ ಅರ್ಧವಾಗುತ್ತದೆ. 94 ಆದರೆ 1 ಗಂಟೆ, 100 ಆದರೆ 15 ನಿಮಿಷ. ಮುಂಬೈ ಟ್ರಾಫಿಕ್‌ನಲ್ಲಿ ಒಂದೂವರೆ ಗಂಟೆ ಓಡಿಸುವ ಹುಡುಗನ ಕಿವಿಯ ಗತಿ ಏನು, ನೀವೇ ಲೆಕ್ಕ ಹಾಕಿ. ಕಿವಿಯಲ್ಲಿ ಸದಾ "ಗುಂಯ್" ಎನ್ನುತ್ತಿದ್ದರೆ ಅದು ಮೊದಲ ಎಚ್ಚರಿಕೆ. ಒಮ್ಮೆ ಸತ್ತ ಒಳಗಿವಿಯ ಜೀವಕೋಶ ಮತ್ತೆ ಹುಟ್ಟುವುದಿಲ್ಲ.

*ಶಬ್ದ ಹೃದಯವನ್ನು ಮುಟ್ಟುವ ಬಗೆ*

ನಾವು ಮಲಗಿದರೂ ಕಿವಿ ಮಲಗುವುದಿಲ್ಲ. ಹಠಾತ್ ಶಬ್ದವನ್ನು ಮೆದುಳು ಅಪಾಯ ಎಂದೇ ತಿಳಿಯುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ಬಿಡುಗಡೆಯಾಗುತ್ತವೆ. ರಕ್ತನಾಳ ಬಿಗಿಯುತ್ತದೆ, ನಾಡಿ ಓಡುತ್ತದೆ, ಬಿಪಿ ಏರುತ್ತದೆ. ಎಚ್ಚರವಾಗದಿದ್ದರೂ ಇದೆಲ್ಲ ನಡೆಯುತ್ತದೆ.

ಇದು ಊಹೆಯಲ್ಲ. ಯುರೋಪಿನ ನಾಲ್ಕು ವಿಮಾನ ನಿಲ್ದಾಣಗಳ ಬಳಿ ವಾಸಿಸುವ 140 ಜನರ ಬಿಪಿಯನ್ನು ರಾತ್ರಿಯಿಡೀ ಅಳೆದು 2008ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ವಿಮಾನದ ಸದ್ದು ಬಂದಾಗ ನಿದ್ದೆಯಲ್ಲಿದ್ದವರ ಮೇಲಿನ ಬಿಪಿ ಸರಾಸರಿ 6 ಅಂಕ ಏರಿತ್ತು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗೆ ಕೊಟ್ಟ ಮಾರ್ಗಸೂಚಿಯ ಹಿಂದಿನ ಲೆಕ್ಕದಂತೆ, ರಸ್ತೆ ಸಂಚಾರದ ಶಬ್ದ ಪ್ರತಿ 10 ಡೆಸಿಬೆಲ್ ಏರಿದಂತೆ ಹೃದಯದ ರಕ್ತನಾಳದ ಕಾಯಿಲೆಯ ಅಪಾಯ ಸುಮಾರು ಶೇಕಡಾ 8ರಷ್ಟು ಏರುತ್ತದೆ. ಇದು ವರ್ಷಗಟ್ಟಲೆ ಶಬ್ದದಲ್ಲಿ ಬದುಕುವವರ ಲೆಕ್ಕ. ಒಂದು ರಾತ್ರಿಯ ಸದ್ದಿಗೆ ಹೃದಯಾಘಾತ ಆಗಿಬಿಡುತ್ತದೆ ಎಂದು ಯಾರೂ ಹೆದರಬೇಡಿ. ಆದರೆ ದಿನಾ ರಾತ್ರಿ ಅದೇ ಆದರೆ?

ದೊಡ್ಡ ಸಿಂಗಲ್ ಸಿಲಿಂಡರ್ ಎಂಜಿನ್ನಿನ "ಡಗ್ ಡಗ್" ಕೆಳಸ್ಥಾಯಿಯ ಶಬ್ದ. ಅಂಥ ಶಬ್ದ ಕಿಟಕಿ, ಗೋಡೆ ದಾಟಿ ಒಳಗೆ ಬರುತ್ತದೆ. ಕಿಟಕಿ ಮುಚ್ಚಿಕೊಳ್ಳಿ ಎಂದು ಅಕ್ಕಪಕ್ಕದವರಿಗೆ ಹೇಳುವುದರಿಂದ ಪ್ರಯೋಜನ ಕಡಿಮೆ.

*ಹೊಗೆಯ ಅಪಾಯ*

ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಹೃದಯದ ರಕ್ತನಾಳ ಕಟ್ಟಿಕೊಂಡಿದ್ದ 63 ಗಂಡಸರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನ 1989ರಲ್ಲಿ ಪ್ರಕಟವಾಯಿತು. ಅವರ ರಕ್ತದಲ್ಲಿ ಈ ಅನಿಲ ಸೇರಿದ ಹಿಮೋಗ್ಲೋಬಿನ್ ಶೇಕಡಾ 2ರಿಂದ 4ರಷ್ಟಾದರೂ ಸಾಕು, ನಡೆಯುವಾಗ ಎದೆನೋವು ಬೇಗ ಶುರುವಾಗುತ್ತಿತ್ತು.

ಕನ್ವರ್ಟರ್ ಇಲ್ಲದ ಪೈಪ್, ಮುಚ್ಚಿದ ಬೇಸ್‌ಮೆಂಟ್ ಪಾರ್ಕಿಂಗ್, ಐದು ನಿಮಿಷ ಎಂಜಿನ್ ಬಿಸಿ ಮಾಡುವ ಅಭ್ಯಾಸ: ಇವು ಮೂರೂ ಸೇರಬಾರದು. ಅಲ್ಲಿ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ತಕ್ಷಣ ಬಯಲಿಗೆ ಬನ್ನಿ. ಕಡಿಮೆಯಾಗದಿದ್ದರೆ ಆಸ್ಪತ್ರೆಗೆ ಹೋಗಿ. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಿತು ಎಂದು ಸುಮ್ಮನಾಗಬೇಡಿ. ಆಮ್ಲಜನಕಕ್ಕೂ ಈ ವಿಷಾನಿಲಕ್ಕೂ ಇರುವ ವ್ಯತ್ಯಾಸ ಅದಕ್ಕೆ ಗೊತ್ತಾಗುವುದಿಲ್ಲ.

*ಹುಡುಗರು ಹೇಳುವ ಮೂರು ಮಾತು*

"ಶಬ್ದ ಜೋರಿದ್ದರೆ ಕಾರಿನವರು ಜಾಗ ಬಿಡುತ್ತಾರೆ." ಸೈಲೆನ್ಸರ್ ಬಾಯಿ ಹಿಂದಕ್ಕಿದೆ. ಎದುರಿನಿಂದ ತಿರುಗುವ ಕಾರಿನವರು ಗಾಜು ಏರಿಸಿ ಹಾಡು ಹಾಕಿಕೊಂಡಿರುತ್ತಾರೆ. ಜೀವ ಉಳಿಸುವುದು ಹೆಲ್ಮೆಟ್, ಒಳ್ಳೆಯ ಬ್ರೇಕ್, ತಾಳ್ಮೆ.

"ಪಿಕಪ್ ಹೆಚ್ಚುತ್ತದೆ." ಬರೀ ಸೈಲೆನ್ಸರ್ ಬದಲಿಸಿದರೆ ಹೆಚ್ಚುವ ಶಕ್ತಿ ಅತ್ಯಲ್ಪ. ಶಬ್ದ ಜೋರಾದಾಗ ವೇಗ ಹೆಚ್ಚಾದಂತೆ ಅನಿಸುತ್ತದೆ, ಅಷ್ಟೇ.

"ಎಲ್ಲರೂ ಹಾಕಿಸಿದ್ದಾರೆ, ಯಾರೂ ಹಿಡಿಯುವುದಿಲ್ಲ." ಮೋಟಾರು ವಾಹನ ಕಾಯ್ದೆಯ 190(2) ಕಲಂ ಪ್ರಕಾರ ಶಬ್ದ, ಹೊಗೆಯ ನಿಯಮ ಮುರಿದರೆ ಮೊದಲ ಸಲವೇ 10,000 ರೂಪಾಯಿವರೆಗೆ ದಂಡ ಅಥವಾ 3 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಲೈಸೆನ್ಸ್ ಕೂಡ 3 ತಿಂಗಳು ಹೋಗುತ್ತದೆ. ವಶಪಡಿಸಿಕೊಂಡ ಸೈಲೆನ್ಸರ್‌ಗಳ ಮೇಲೆ ಪೊಲೀಸರು ರೋಡ್ ರೋಲರ್ ಹತ್ತಿಸುವ ವಿಡಿಯೋ ನಿಮ್ಮ ಗುಂಪಿಗೂ ಬಂದಿರಬಹುದು.

*ಬದಲಿಸಲೇಬೇಕಾದರೆ*

ತುಕ್ಕು ಹಿಡಿದು, ಬಿದ್ದು ಜಜ್ಜಿ ಬದಲಿಸಬೇಕಾಗಿ ಬರುವುದು ಸಹಜ. ಆಗ ಇಷ್ಟನ್ನು ನೋಡಿ.

1. ನಿಮ್ಮ ಮಾಡೆಲ್‌ಗೆ ಕಂಪನಿಯೇ ಕೊಡುವ ಸೈಲೆನ್ಸರ್ ಕೇಳಿ. ಶಬ್ದ, ಹೊಗೆ ಎರಡರ ನಿಯಮಕ್ಕೂ ಸರಿ ಇದೆ ಎಂದು ಬರಹದಲ್ಲಿ ಪಡೆಯಿರಿ. ವಾರಂಟಿಯ ಷರತ್ತನ್ನೂ ಕೇಳಿ.

2. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಯಲು, ಆಕ್ಸಿಜನ್ ಸೆನ್ಸರ್ ವೈರ್ ಕಳಚಲು ಮೆಕ್ಯಾನಿಕ್‌ಗೆ ಬಿಡಬೇಡಿ.

3. ಹಳೆಯ ಗ್ಯಾಸ್ಕೆಟ್ ಮತ್ತೆ ಹಾಕಿಸಬೇಡಿ. ಜೋಡಣೆಯ ಜಾಗದಲ್ಲಿ ಮಸಿ ಕಂಡರೆ, ಆಕ್ಸಿಲರೇಟರ್ ಬಿಟ್ಟಾಗ "ಪಟ್ ಪಟ್" ಎಂದರೆ ಸೋರಿಕೆ ಇರಬಹುದು. ತೋರಿಸಿ.

4. ಶಾಖದಿಂದ ಕಾಪಾಡುವ ತಗಡು ಇರಲಿ. ಮಗುವಿನ ಮೀನಖಂಡ ಸುಟ್ಟರೆ 20 ನಿಮಿಷ ನಲ್ಲಿ ನೀರು ಬಿಡಿ. ಟೂತ್‌ಪೇಸ್ಟ್, ಅರಿಶಿನ ಬೇಡ.

5. ಕಂಪನಿ ಸೈಲೆನ್ಸರ್ ಚೆನ್ನಾಗಿದ್ದರೆ ಗುಜರಿಗೆ ಹಾಕಬೇಡಿ. ಬಟ್ಟೆ ಸುತ್ತಿ ಇಡಿ.

*ಊರಿನಿಂದ ಬಂದ ಹಿರಿಯರ ಬಗ್ಗೆ*

ಕೆಲಸಕ್ಕೆ ಹೋಗುವವರು ಹಗಲೆಲ್ಲ ಹೊರಗಿರುತ್ತೇವೆ. ಊರಿನಿಂದ ಬಂದ ಅಪ್ಪ, ಅಮ್ಮ ಇಡೀ ದಿನ ಅದೇ ಫ್ಲ್ಯಾಟಿನಲ್ಲಿ. ಅವರಿಗೆ ಇಲ್ಲಿನ ಮರಾಠಿ, ತಮಿಳು, ತೆಲುಗು, ಹಿಂದಿ ಬರುವುದಿಲ್ಲ. ನೆರೆಯವರಿಗೆ ಹೇಳಲಾರರು. ಮಗನಿಗೆ ಹೇಳಿದರೆ ಬೇಜಾರಾದೀತು ಎಂದು ಸುಮ್ಮನಿರುತ್ತಾರೆ. ಆದ್ದರಿಂದ ನೀವೇ ಕೇಳಿ: ರಾತ್ರಿ ನಿದ್ದೆ ಬರುತ್ತಿದೆಯೇ? ಯಾವ ಸದ್ದಿಗೆ ಎಚ್ಚರವಾಗುತ್ತದೆ? ಸಾಧ್ಯವಾದರೆ ರಸ್ತೆ ಕಡೆಯ ಕೋಣೆ ಬಿಟ್ಟು ಒಳಗಿನ ಕೋಣೆ ಕೊಡಿ. ಮಾತ್ರೆ ತಗೊಂಡರೂ ಬಿಪಿ ಇಳಿಯದಿದ್ದರೆ ಡಾಕ್ಟರಿಗೆ ನಿದ್ದೆಯ ವಿಷಯವನ್ನೂ ಹೇಳಿ. ಮಾತ್ರೆಯನ್ನು ನೀವೇ ಹೆಚ್ಚು ಕಡಿಮೆ ಮಾಡಬೇಡಿ. ಎದೆ ಬಿಗಿತ, ಎಡಗೈಗೆ ಅಥವಾ ದವಡೆಗೆ ಹರಡುವ ನೋವು, ತಣ್ಣನೆ ಬೆವರು ಕಂಡರೆ ಬೆಳಗಾಗಲಿ ಎಂದು ಕಾಯದೆ 112ಕ್ಕೆ ಕರೆ ಮಾಡಿ.

ಆ ಮೊಮ್ಮಗ ಮುಂದಿನ ಭಾನುವಾರವೇ ಹಳೆಯ ಸೈಲೆನ್ಸರ್ ಹಾಕಿಸಿದ. ರಾತ್ರಿ ಗೇಟಿನ ಬಳಿ ಎಂಜಿನ್ ಆಫ್ ಮಾಡಿ ಬೈಕನ್ನು ತಳ್ಳಿಕೊಂಡು ಬರತೊಡಗಿದ. ಅಜ್ಜನ ಒಂದು ಮಾತ್ರೆಯನ್ನೂ ನಾನು ಬದಲಿಸಿದ್ದೆ. ಆರು ವಾರದ ನಂತರ ಬೆಳಗಿನ ಬಿಪಿ 134ಕ್ಕೆ ಬಂದಿತ್ತು. ಇದರಲ್ಲಿ ಮಾತ್ರೆಯ ಪಾಲು ಎಷ್ಟು, ನಿದ್ದೆಯ ಪಾಲು ಎಷ್ಟು ಎಂದು ಬಿಡಿಸಿ ಹೇಳಲಾರೆ. ಅಜ್ಜ ಮಾತ್ರ, "ಈಗ ಅಂವ ಯಾವಾಗ ಬರ್ತಾನ ಅನ್ನೂದ ಗೊತ್ತಾಗೂದಿಲ್ರೀ" ಎಂದು ನಕ್ಕರು.

ನಿಮ್ಮ ಮನೆಯಲ್ಲೂ ಬೈಕ್ ಪ್ರೀತಿಸುವ ಮಗನೋ ಮಗಳೋ ಇದ್ದರೆ ಬೈಯಬೇಡಿ. ಇದನ್ನು ಓದಲು ಕೊಡಿ. ಉಪಯೋಗವೆನಿಸಿದರೆ ನಿಮ್ಮ ಬಂಧುಗಳ ಗುಂಪಿಗೂ ಕಳುಹಿಸಿ.