ಸರ್ಫ್ ಹಲಗೆಗೆ ಎಂತಹ ಈಜುರೆಕ್ಕೆ?

ಅಲೆಯ ಇಳಿಜಾರಿನಲ್ಲಿ ಸರ್ಫ್ ಹಲಗೆಯ ಮೇಲೆ ನಿಂತು ಧಾವಿಸುವ ಸವಾರನು ತಿರುಗುವಾಗ ಹಲಗೆಯ ಬಾಲವು ಪಕ್ಕಕ್ಕೆ ಜಾರಿದರೆ ಅವನು ನೀರಿಗೆ ಬೀಳುವನು. 1935ರಲ್ಲಿ ಹವಾಯಿಯಲ್ಲಿ ಟಾಮ್ ಬ್ಲೇಕ್ ಎಂಬುವರು ಹಳೆಯ ಮೋಟಾರು ದೋಣಿಯ ಲೋಹದ ಪಟ್ಟಿಯೊಂದನ್ನು ಹಲಗೆಯ ಅಡಿಗೆ, ಬಾಲದ ಬಳಿ, ಮೀನಿನ ಈಜುರೆಕ್ಕೆಯಂತೆ ಜೋಡಿಸಿ ಈ ತೊಡಕನ್ನು ನಿವಾರಿಸಿದರು.

ಇದರ ಮರ್ಮವೇನೆಂದು ನಾವು ವಿಚಾರಿಸೋಣ. ಬಾಲವು ಜಾರತೊಡಗಿದೊಡನೆ ನೀರು ರೆಕ್ಕೆಯನ್ನು ಎದುರು ದಿಕ್ಕಿಗೆ ಒತ್ತುವುದು. ರೆಕ್ಕೆ ದೊಡ್ಡದಾದಷ್ಟೂ ಈ ಒತ್ತುಬಲ ಹೆಚ್ಚು. ಆದರೆ ವೇಗವನ್ನು ಕುಂದಿಸುವ ನೀರಿನ ತಡೆಯೂ ಹೆಚ್ಚು. ತಿರುವಿಗೆ ಬೇಕಾದ ಬಲವು ಸವಾರನ ತೂಕದೊಡನೆ ಏರುವುದರಿಂದ, ಭಾರವಾದವನಿಗೆ ದೊಡ್ಡ ರೆಕ್ಕೆಯೂ ಹಗುರವಾದವನಿಗೆ ಚಿಕ್ಕದೂ ಒಪ್ಪುವುವು.

ಇಂದಿನ ಅನೇಕ ಹಲಗೆಗಳಲ್ಲಿ ರೆಕ್ಕೆಯನ್ನು ಬದಲಾಯಿಸಬಹುದು. ಬಾಲ ಜಾರಿದರೆ ದೊಡ್ಡದನ್ನು, ಹಲಗೆ ತಿರುಗಲು ಮೊಂಡುಹಿಡಿದರೆ ಚಿಕ್ಕದನ್ನು ಆರಿಸುವುದೇ ಜಾಣತನ.