ಅನಿಲ ಸೋರಿಕೆಯ ಪತ್ತೆ: ಉಪಕರಣ ಕೊಂಡರೆ ಮುಗಿಯಿತೆ?

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ಮೀಥೈಲ್ ಐಸೋಸಯನೇಟ್ ಸೋರುತ್ತಿದೆಯೆಂಬುದು ಮೊದಲು ತಿಳಿದದ್ದು ಯಂತ್ರದಿಂದಲ್ಲ, ಕೆಲಸಗಾರರ ಕಣ್ಣುರಿಯಿಂದ. ಸಣ್ಣಪುಟ್ಟ ಸೋರಿಕೆಗಳನ್ನು ಹೀಗೆ ಕಣ್ಣೀರಿನಿಂದಲೇ ಗುರುತಿಸುವುದು ಅಲ್ಲಿ ರೂಢಿಯಾಗಿತ್ತು. ಚಹಾ ವಿರಾಮದ ಬಳಿಕ ನೋಡಿದರಾಯಿತೆಂದು ಅದನ್ನು ಬಿಡಲಾಯಿತು. ಮಧ್ಯರಾತ್ರಿ ಕಳೆದ ಮೇಲೆ 610ನೆಯ ಸಂಖ್ಯೆಯ ಟ್ಯಾಂಕಿನಿಂದ ಹೊರಬಿದ್ದ ಅನಿಲವು ಸಾವಿರಾರು ಜನರ ಪ್ರಾಣ ತೆಗೆಯಿತು. ಈ ಅನಿಲಕ್ಕೆ ಎಂಟು ಗಂಟೆಗಳ ಪಾಳಿಗೆ ಒಪ್ಪಿರುವ ಮಿತಿ 0.02 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಒಂದು ಭಾಗದ ಐವತ್ತನೆಯ ಒಂದಂಶ. ಕಣ್ಣಿಗೆ ತಿಳಿಯುವ ಹೊತ್ತಿಗೆ ಈ ಮಿತಿ ಹಲವು ಪಟ್ಟು ಮೀರಿಹೋಗಿರುತ್ತದೆ.

ಇದು ದೊಡ್ಡ ಕಾರ್ಖಾನೆಗಳ ಮಾತೆಂದು ಸಣ್ಣ ಉದ್ದಿಮೆದಾರರು ಭಾವಿಸುವಂತಿಲ್ಲ. ಮಂಜುಗಡ್ಡೆ ಕಾರ್ಖಾನೆ, ಶೀತಲಗೃಹ, ಮೀನು ಸಂಸ್ಕರಣಾ ಘಟಕಗಳಲ್ಲಿ ಅಮೋನಿಯಾ ಇದೆ. ನೀರು ಶುದ್ಧೀಕರಣದಲ್ಲಿ ಕ್ಲೋರಿನ್ ಇದೆ. ತ್ಯಾಜ್ಯನೀರಿನ ಗುಂಡಿಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಅಮೋನಿಯಾದ ಘಾಟು ಮಿತಿಯಾದ 25 ಪಿಪಿಎಂಗಿಂತ ಮೊದಲೇ ಹೊಸಬರ ಮೂಗಿಗೆ ತಿಳಿಯುತ್ತದೆ, ನಿಜ. ಆದರೆ ಕಂಪ್ರೆಸರ್ ಕೋಣೆಯಲ್ಲಿ ವರ್ಷಗಟ್ಟಲೆ ದುಡಿದವನಿಗೆ ಅದು ಅಭ್ಯಾಸವಾಗಿಬಿಟ್ಟಿರುತ್ತದೆ. ಹೈಡ್ರೋಜನ್ ಸಲ್ಫೈಡ್ ಇನ್ನೂ ಮೋಸದ ಅನಿಲ. ಕಡಿಮೆ ಪ್ರಮಾಣದಲ್ಲಿ ಕೊಳೆತ ಮೊಟ್ಟೆಯಂತೆ ನಾರುವ ಇದು ಸುಮಾರು 100 ಪಿಪಿಎಂ ತಲುಪಿದಾಗ ವಾಸನೆ ಗ್ರಹಿಸುವ ಶಕ್ತಿಯನ್ನೇ ಕುಂದಿಸುತ್ತದೆ. ವಾಸನೆ ಹೋಯಿತೆಂದು ಗುಂಡಿಗೆ ಇಳಿದವನೂ, ಅವನನ್ನು ಎತ್ತಲು ಧಾವಿಸಿದವನೂ ಹಿಂತಿರುಗದ ಪ್ರಸಂಗಗಳು ಈ ಕಾರಣದಿಂದಲೇ.

ಆದ್ದರಿಂದ ಸೆನ್ಸರ್ ಉಳ್ಳ ಉಪಕರಣ ಅನಿವಾರ್ಯ. ಅದನ್ನು ಎಲ್ಲಿ ಕೂರಿಸಬೇಕೆಂಬುದು ಅನಿಲದ ತೂಕವನ್ನು ಅವಲಂಬಿಸಿದೆ. ಗಾಳಿಗಿಂತ ಎರಡೂವರೆ ಪಟ್ಟು ಭಾರವಾದ ಕ್ಲೋರಿನ್‌ಗೆ ನೆಲದಿಂದ ಒಂದು–ಒಂದೂವರೆ ಅಡಿ ಎತ್ತರದಲ್ಲಿ. ಹಗುರವಾದ ಅಮೋನಿಯಾಕ್ಕೆ ಚಾವಣಿಯ ಸಮೀಪದಲ್ಲಿ. ಆದರೆ ದ್ರವ ಅಮೋನಿಯಾ ಚಿಮ್ಮಿದಾಗ ತಣ್ಣನೆಯ ಮಂಜಿನಂತೆ ಮೊದಲು ನೆಲ ಹಿಡಿಯುತ್ತದೆಯಾದ್ದರಿಂದ ದ್ರವದ ಪಂಪು, ವಾಲ್ವುಗಳ ಬಳಿ ಕೆಳಗೂ ಒಂದಿರುವುದು ಲೇಸು.

ತಪ್ಪು ಜಾಗದ ಅಳತೆಯಿಂದ ಏನಾಗುತ್ತದೆಂಬುದಕ್ಕೆ 2020ರ ಮೇ 7ರಂದು ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್‌ನಲ್ಲಿ ನಡೆದ ಸ್ಟೈರೀನ್ ದುರಂತ ಸಾಕ್ಷಿ. ಲಾಕ್‌ಡೌನ್‌ನಿಂದ ನಿಂತಿದ್ದ ಘಟಕದ ಟ್ಯಾಂಕಿನಲ್ಲಿ ಉಷ್ಣತೆಯನ್ನು ತಳಭಾಗದಲ್ಲಿ ಮಾತ್ರ ಅಳೆಯಲಾಗುತ್ತಿತ್ತು. ಮೇಲಿನ ಪದರ ಕಾಯುತ್ತಿದ್ದುದು ಗೊತ್ತಾಗಲೇ ಇಲ್ಲ. ಅನಿಲ ಹೊರಬಿದ್ದ ಮೇಲೂ ಸೈರನ್ ಮೊಳಗಲಿಲ್ಲ. 12 ಮಂದಿ ಸತ್ತರು. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ಮೊದಲ ಹೆಜ್ಜೆಯಾಗಿಯೇ 50 ಕೋಟಿ ರೂಪಾಯಿ ಠೇವಣಿ ಇಡುವಂತೆ ಕಂಪನಿಗೆ ಆದೇಶಿಸಿತು.

ಇನ್ನು ಲೆಕ್ಕಪತ್ರದ ವಿಷಯ. ಅನೇಕರು ಉಪಕರಣ ಕೊಂಡು, ಸ್ಥಿರಾಸ್ತಿಯ ಪಟ್ಟಿಗೆ ಸೇರಿಸಿ, ವರ್ಷಕ್ಕೊಮ್ಮೆ ಸವಕಳಿ ತೆಗೆದು ಸುಮ್ಮನಾಗುತ್ತಾರೆ. ವಿಷಾನಿಲ ಪತ್ತೆಗೆ ಬಳಸುವ ಎಲೆಕ್ಟ್ರೋಕೆಮಿಕಲ್ ಸೆನ್ಸರಿನ ಆಯುಷ್ಯ ಸಾಮಾನ್ಯವಾಗಿ ಎರಡು–ಮೂರು ವರ್ಷ. ಉರಿಯುವ ಅನಿಲಗಳಿಗೆ ಬಳಸುವ ಕ್ಯಾಟಲಿಟಿಕ್ ಸೆನ್ಸರ್ ಸಿಲಿಕೋನ್ ಆವಿ ತಗಲಿದರೆ ಅವಧಿಗೆ ಮುನ್ನವೇ ಕೆಡುತ್ತದೆ, ಮತ್ತು ಕೆಟ್ಟದ್ದು ತಿಳಿಯುವುದಿಲ್ಲ. ಅನಿಲವಿದ್ದರೂ ಸೊನ್ನೆಯನ್ನೇ ತೋರಿಸುತ್ತಿರುತ್ತದೆ. ಪುಸ್ತಕದಲ್ಲಿ ಇನ್ನೂ ಬೆಲೆಯುಳ್ಳ ಆಸ್ತಿ ಗೋಡೆಯ ಮೇಲೆ ನಿರುಪಯೋಗಿಯಾಗಿರುತ್ತದೆ. ಸೊನ್ನೆ ನಿಜವೋ ಸುಳ್ಳೋ ಎಂದು ತಿಳಿಯಲು ಗೊತ್ತಾದ ಪ್ರಮಾಣದ ಅನಿಲವುಳ್ಳ ಚಿಕ್ಕ ಸಿಲಿಂಡರಿನಿಂದ ಆಗಾಗ್ಗೆ ಪರೀಕ್ಷಿಸಬೇಕು. ತಯಾರಕರು ಹೇಳಿದ ಅವಧಿಗೆ ಕ್ಯಾಲಿಬ್ರೇಷನ್ ಮಾಡಿಸಬೇಕು. ಈ ಅನಿಲ, ಸೆನ್ಸರ್ ಬದಲಾವಣೆ, ನಿರ್ವಹಣಾ ಒಪ್ಪಂದ ಇವುಗಳಿಗೆ ವಾರ್ಷಿಕ ಮುಂಗಡಪತ್ರದಲ್ಲೇ ಮೊತ್ತ ತೆಗೆದಿಡದಿದ್ದರೆ ಅದು ಎಂದಿಗೂ ಆಗುವುದಿಲ್ಲ. ಉಪಕರಣ ಮಾರುವವರು ಕೊಡುವ ದರಪಟ್ಟಿಯಲ್ಲಿ ಈ ಖರ್ಚು ವಿರಳವಾಗಿ ಕಾಣುವುದರಿಂದ ಕೊಳ್ಳುವ ಮುನ್ನವೇ ಕೇಳಿ ತಿಳಿಯುವುದು ಒಳ್ಳೆಯದು.

ಖರ್ಚು ಹೆಚ್ಚೆನ್ನುವವರು ಹೊಣೆಗಾರಿಕೆಯ ಬದಿಯನ್ನೂ ನೋಡಬೇಕು. 1985ರ ಡಿಸೆಂಬರ್ 4ರಂದು ದೆಹಲಿಯ ಶ್ರೀರಾಮ್ ಕಾರ್ಖಾನೆಯಲ್ಲಿ ಓಲಿಯಂ ಸೋರಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಅಪಾಯಕಾರಿ ಉದ್ಯಮ ನಡೆಸುವವರ ಹೊಣೆ ಪರಿಪೂರ್ಣವಾದದ್ದು, ಅದಕ್ಕೆ ವಿನಾಯಿತಿಗಳಿಲ್ಲ ಎಂದು 1986ರಲ್ಲಿ ಹೇಳಿತು. ಉದ್ಯಮ ದೊಡ್ಡದಾದಷ್ಟೂ ಪರಿಹಾರವೂ ದೊಡ್ಡದು. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯಿದೆಯ ಪ್ರಕಾರ ಹೊರಗಿನವರಿಗೆ ಹಾನಿಯಾದರೆ ಮಾಲೀಕನ ತಪ್ಪನ್ನು ಸಾಬೀತುಪಡಿಸದೆಯೇ ಅವರು ಪರಿಹಾರ ಕೇಳಬಹುದು. ಕಾಯಿದೆಯ ವ್ಯಾಪ್ತಿಗೆ ಬರುವ ಮಾಲೀಕರು ವಿಮೆ ಪಡೆಯುವುದು ಕಡ್ಡಾಯ. ಕಾರ್ಮಿಕರ ಪರಿಹಾರ ಇದರಿಂದ ಬೇರೆ. ವಿಮಾ ಪಾಲಿಸಿಯ ಕಡತದಲ್ಲೇ ಕ್ಯಾಲಿಬ್ರೇಷನ್ ಪ್ರಮಾಣಪತ್ರಗಳನ್ನೂ, ಪ್ರತಿ ಸೆನ್ಸರ್ ಅಳವಡಿಸಿದ ದಿನಾಂಕವನ್ನೂ ಇಡುವುದು ಸೂಕ್ತ. ಮಾರ್ಚ್ ಅಂತ್ಯದ ದಾಸ್ತಾನು ಪರಿಶೀಲನೆಯ ದಿನ ಅವನ್ನು ಒಮ್ಮೆ ತೆರೆದು ನೋಡಲು ಹೆಚ್ಚು ಹೊತ್ತು ಬೇಕಿಲ್ಲ.